ಸಂಸ್ಥೆಗಳ ನಿರ್ವಾಹದಲ್ಲಿ ವ್ಯಕ್ತಿಯೂ ಮಂಡಳಿಯೂ

(ಶ್ರೀಮಠದ ಸುವರ್ಣಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠದ ಪಾಠಶಾಲೆಗೂ ಪ್ರಸಾದನಿಲಯಕ್ಕೂ ಐವತ್ತು ವರುಷ ತುಂಬಿದ ಈ ಮಹೋತ್ಸವವು ಕಳೆದ ಕಾಲದ ಸ್ತುತಿಗೆ ಒದಗಿದ ಸಮಯವೆಂದು ಸಾಮಾನ್ಯವಾಗಿ ಭಾವಿಸಲಾಗುವುದು. ಅದು ತಪ್ಪಲ್ಲ. ಆದರೆ ಮುಂದಿನ ಐವತ್ತು ವರುಷಗಳ ಭಾರವನ್ನು ಯಾರು ಹೊರತಕ್ಕವರು ಎಂಬ ಪ್ರಶ್ನೆಯೂ ಇಂಥ ಸಮಯದಲ್ಲಿಯೇ ಏಳುವುದು. ಭಕ್ತರು ಮಠದ ಅಂಗಳದಲ್ಲಿ ಕೂಡಿದಾಗಲೆಲ್ಲ ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ವಯೋವೃದ್ಧರು, "ಅಪ್ಪಗಳವರ ಪಾದವೊಂದಿದ್ದರೆ ಸಾಕು, ಎಲ್ಲವೂ ಅವರ ಅಪ್ಪಣೆಯಂತೆ ನಡೆಯಲಿ, ಕಮಿಟಿ ಬಂದ ಕಡೆಗೆ ಕಲಹವೂ ಬರುವುದು" ಎನ್ನುವರು. ತರುಣರು, "ಒಬ್ಬರ ಮೇಲೆಯೇ ಎಷ್ಟು ದಿನ ಭಾರ ಹೊರಿಸುವುದು? ರಿಜಿಸ್ಟರು ಮಾಡಿಸಿ ಮಂಡಳಿಯನ್ನು ನೇಮಿಸಿ, ಠರಾವಿನಂತೆ ಕಾರ್ಯ ನಡೆಸುವುದೇ ಕ್ಷೇಮ" ಎನ್ನುವರು. ಎರಡೂ ಮಾತುಗಳು ಮಠದ ಮೇಲಿನ ಪ್ರೀತಿಯಿಂದಲೇ ಹುಟ್ಟಿದವು. ಆದುದರಿಂದ ಒಂದನ್ನು ಭಕ್ತಿಯೆಂದೂ ಇನ್ನೊಂದನ್ನು ಅವಿಶ್ವಾಸವೆಂದೂ ಕರೆಯುವುದು ನ್ಯಾಯವಲ್ಲ. ಈ ನಾಡಿನ ಸಂಸ್ಥೆಗಳು ನಡೆದು ಬಂದ ದಾರಿಯನ್ನು ನೋಡಿ ಇದನ್ನು ವಿಚಾರಿಸತಕ್ಕದ್ದು.

ಶರಣಧರ್ಮದಲ್ಲಿ ಈ ವಿಚಾರವು ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ, ಶರಣಸಮೂಹಕ್ಕೆ ಆಶ್ರಯದಾತರಾಗಿದ್ದರು. ಮನೆ ಅವರದು, ದಾಸೋಹ ಅವರದು. ದೇಶದೇಶಗಳಿಂದ ಶರಣರು ಬಂದುದೂ ಅವರ ಹೆಸರನ್ನು ಕೇಳಿಯೇ. ಹೀಗಿದ್ದರೂ ಅನುಭವಗೋಷ್ಠಿಯ ಶೂನ್ಯಪೀಠದ ಮೇಲೆ ಕುಳಿತವರು ಬಸವಣ್ಣನವರಲ್ಲ; ಎಲ್ಲಿಂದಲೋ ಬಂದ ಅಲ್ಲಮಪ್ರಭುಗಳು. ಶೂನ್ಯಸಂಪಾದನೆಗಳನ್ನು ಸಂಕಲಿಸಿದ 15ನೆಯ ಶತಮಾನದ ವಿರಕ್ತರು ಈ ಪ್ರಸಂಗವನ್ನು ಬಹು ಆದರದಿಂದ ಹೇಳುವರು. ಅದರ ಅಧ್ಯಾತ್ಮಾರ್ಥವು ಗಹನವಾದುದು, ಅದನ್ನು ಇಲ್ಲಿ ಬಿಡೋಣ. ಲೌಕಿಕವಾಗಿ ನೋಡಿದರೂ ಅದರಲ್ಲಿ ಒಂದು ಆಡಳಿತದ ತಿಳಿವಳಿಕೆಯಿದೆ. ಕಟ್ಟಿದವನೇ ಪೀಠವನ್ನೂ ಏರಿದರೆ ಪ್ರಶ್ನೆ ಕೇಳುವವರ ಬಾಯಿ ಕಟ್ಟುವುದು. ಅಲ್ಲಿಯಾದರೋ ಪ್ರಭುಗಳು ಬಸವಣ್ಣನವರನ್ನೂ ಪ್ರಶ್ನಿಸಿದರು, ಸಿದ್ಧರಾಮರನ್ನೂ ಪ್ರಶ್ನಿಸಿದರು, ಅಕ್ಕಮಹಾದೇವಿಯನ್ನು ಒಳಗೆ ಬರಮಾಡಿಕೊಳ್ಳುವ ಮೊದಲೇ ಪರೀಕ್ಷಿಸಿದರು.

ಇನ್ನೊಂದು ಪ್ರಸಂಗವು ಬಸವಪುರಾಣದ್ದು. 1369ರಲ್ಲಿ ಭೀಮಕವಿಯು ಕನ್ನಡದಲ್ಲಿ ರಚಿಸಿದ ಈ ಗ್ರಂಥವು ಮಠಮಠಗಳಲ್ಲಿ ಇಂದಿಗೂ ಪುರಾಣಪ್ರವಚನಕ್ಕೆ ಒದಗುತ್ತಿದೆ. ಭಂಡಾರದ ದ್ರವ್ಯವನ್ನು ಬಸವಣ್ಣನು ಜಂಗಮರಿಗೆ ವೆಚ್ಚಮಾಡುತ್ತಿರುವನೆಂದು ಕೊಂಡೆಯರು ಬಿಜ್ಜಳನ ಕಿವಿಯಲ್ಲಿ ಊದಿದರು. ಅರಸನು ಲೆಕ್ಕ ಕೇಳಿದನು. ಆಗ ಬಸವಣ್ಣನವರು ತಮ್ಮ ಭಕ್ತಿಯನ್ನು ಮುಂದೊಡ್ಡಿ ಲೆಕ್ಕವನ್ನು ತಪ್ಪಿಸಿಕೊಳ್ಳಲಿಲ್ಲ. ಭಂಡಾರವನ್ನು ತೆರೆಯಿಸಿ ಎಣಿಸಿ ತೋರಿಸಿದರು; ಒಂದು ಹಣವೂ ಕುಂದಿರಲಿಲ್ಲ. ಪುರಾಣಿಕರು ಇದನ್ನು ಪವಾಡವೆಂದು ಓದುವರು, ಕೇಳುವವರು ತಲೆದೂಗುವರು. ಆದರೆ ಪವಾಡಕ್ಕೂ ಮೊದಲು ಅಲ್ಲಿ ನಡೆದುದು ಲೆಕ್ಕ ಒಪ್ಪಿಸುವ ಕಾರ್ಯವಷ್ಟೆ. ಮಹಾಪುರುಷನಾದವನಿಗೆ ಲೆಕ್ಕ ಕೇಳುವುದು ಅಪಚಾರವೆಂಬ ಭಾವನೆ ಎಲ್ಲಿಂದ ಬಂದಿತೋ ತಿಳಿಯದು, ಶರಣರಿಂದಂತೂ ಬಂದುದಲ್ಲ.

ಈಚಿನ ಕಾಲಕ್ಕೆ ಬಂದರೆ, ಏಕವ್ಯಕ್ತಿಯ ಮಹಿಮೆಯನ್ನೂ ಮಂಡಳಿಯ ಪ್ರಯೋಜನವನ್ನೂ ಒಟ್ಟಿಗೆ ಕಾಣಿಸಿದ ಉದಾಹರಣೆಯೆಂದರೆ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರದು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನವು ಕೂಡಿತು. ಅದಕ್ಕೆ ಮೂಲಪ್ರೇರಕರು ಈ ಸ್ವಾಮಿಗಳು. ಆ ಕಾಲದಲ್ಲಿ ಸಮಾಜವೆಂದರೆ ಊರೂರಿನ ಮಠಗಳು, ಮಠಕ್ಕೊಂದು ಭಕ್ತಕುಲ. ಒಂದು ಮಠದ ಭಕ್ತನು ಇನ್ನೊಂದು ಮಠದ ಕಾರ್ಯವನ್ನು ತನ್ನದೆಂದು ತಿಳಿಯುತ್ತಿದ್ದುದು ಅಪೂರ್ವ. ಅಂಥ ಚದುರಿದ ಜನವನ್ನು ಒಂದು ಚಪ್ಪರದಡಿಗೆ ತರುವುದು ಮಂಡಳಿಯಿಂದ ಆಗುವ ಕೆಲಸವಲ್ಲ, ಯಾಕಂದರೆ ಮಂಡಳಿಯೇ ಇನ್ನೂ ಹುಟ್ಟಿರಲಿಲ್ಲ. ಒಬ್ಬ ವಿರಕ್ತರು ಊರೂರು ಸಂಚರಿಸಿ, ಧನಿಕರ ವಾಡೆಗಳಿಗೂ ಬಡವರ ಗುಡಿಸಲುಗಳಿಗೂ ಹೋಗಿ ಆ ಕಾರ್ಯವನ್ನು ಸಾಧಿಸಿದರು.

ಚಪ್ಪರ ಸಿದ್ಧವಾದ ಮೇಲೆ ಅವರು ಮಾಡಿದುದನ್ನು ಗಮನಿಸಬೇಕು. ಅಧ್ಯಕ್ಷಪೀಠವನ್ನು ತಾವು ಏರಲಿಲ್ಲ. ಇತರ ಮಠಾಧೀಶರನ್ನೂ ಏರಿಸಲಿಲ್ಲ. ಗೃಹಸ್ಥರಾದ ಶಿರಸಂಗಿಯ ದೇಸಾಯಿ ಲಿಂಗರಾಜರು ಆ ಸಭೆಯ ಅಧ್ಯಕ್ಷರಾದರು. ಸ್ವಾಮಿಗಳು ಹೇಳಿದ್ದರೆ ಇಡೀ ಸಭೆಯು ಅವರನ್ನೇ ಪೀಠದಲ್ಲಿ ಕೂಡಿಸಿ ಜಯಘೋಷ ಮಾಡುತ್ತಿತ್ತು. ಹಾಗೆ ಆಗಿದ್ದರೆ ಮಹಾಸಭೆಯು ಹಾನಗಲ್ಲ ಮಠದ ಶಾಖೆಯಾಗಿ ಉಳಿಯುತ್ತಿತ್ತೇ ಹೊರತು ಸಮಾಜದ ಸಭೆಯಾಗುತ್ತಿರಲಿಲ್ಲ. 1909ರಲ್ಲಿ ಬದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದಾಗಲೂ ಅವರ ದೃಷ್ಟಿ ತಮ್ಮ ಪೀಠದ ಮೇಲೆ ಇರಲಿಲ್ಲ. ಅಲ್ಲಿ ಓದಿದ ವಟುಗಳು ಯಾವ ಯಾವುದೋ ಮಠಗಳಿಗೆ ಅಧಿಕಾರಿಗಳಾಗಿ ಹೋಗತಕ್ಕವರು. ತಮ್ಮ ಮಠಕ್ಕೆ ಒಬ್ಬ ಮರಿಯನ್ನು ಸಿದ್ಧಗೊಳಿಸುವುದು ಎಲ್ಲ ಸ್ವಾಮಿಗಳೂ ಮಾಡುವ ಕೆಲಸ. ನಾಡಿನ ಮಠಗಳಿಗೆಲ್ಲ ಅಧಿಕಾರಿಗಳನ್ನು ಸಿದ್ಧಗೊಳಿಸುವ ಪಾಠಶಾಲೆಯನ್ನು ಕಟ್ಟುವುದು ಬೇರೆಯ ಮಾತು. 1930ರಲ್ಲಿ ಅವರು ಲಿಂಗೈಕ್ಯರಾದರು. ಮಂದಿರವು ಉಳಿಯಿತು, ಮಹಾಸಭೆಯೂ ಉಳಿಯಿತು.

ಶಿರಸಂಗಿಯ ಲಿಂಗರಾಜರ ಹೆಸರು ಬಂದುದರಿಂದ ಅವರ ವಿಷಯವನ್ನೂ ಎರಡು ಮಾತಿನಲ್ಲಿ ಹೇಳತಕ್ಕದ್ದು. ಸಂತಾನವಿಲ್ಲದ ಆ ದೇಸಾಯರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದ ಮೂಲಕ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಜನರು ಅವರನ್ನು ತ್ಯಾಗವೀರರೆಂದು ಕರೆದರು. ಆ ದಾನವು ಬಾಯಿಮಾತಿನದಾಗಿದ್ದರೆ ಅವರೊಂದಿಗೇ ಹೋಗುತ್ತಿತ್ತು. ಬರಹಕ್ಕೆ ಇಳಿದುದರಿಂದ, ವಿಶ್ವಸ್ತಮಂಡಳಿಯ ಕೈಗೆ ಬರುವಂತೆ ಗೊತ್ತುಪಡಿಸಿದುದರಿಂದ, ವ್ಯಾಜ್ಯಗಳನ್ನು ದಾಟಿಯೂ ಉಳಿದು ಬಡ ವಿದ್ಯಾರ್ಥಿಗಳ ಓದಿಗೆ ಒದಗಿತು.

ಹಾಗಾದರೆ ಎಲ್ಲವನ್ನೂ ಮಂಡಳಿಗೆ ಒಪ್ಪಿಸಬಹುದೇ ಎಂದರೆ, ಅದೂ ಸಲ್ಲದು. ಡಾ. ಫ. ಗು. ಹಳಕಟ್ಟಿಯವರ ಜೀವಿತವು ಇದನ್ನು ಸ್ಪಷ್ಟಪಡಿಸುವುದು. ವಕೀಲರಾಗಿ ವಿಜಾಪುರಕ್ಕೆ ಬಂದ ಅವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಧೂಳು ತಿನ್ನುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಅರಸುತ್ತ ಅಲೆದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. 1925ರಲ್ಲಿ ಸ್ವಂತದ ಹಿತಚಿಂತಕ ಮುದ್ರಣಾಲಯವನ್ನು ತೆರೆದರು; ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುವರು. 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದರು. ಇಂಥ ಕಾರ್ಯಕ್ಕಾಗಿ ಒಂದು ಕಮಿಟಿ ನೇಮಕವಾಗಿತ್ತೆಂದು ಭಾವಿಸಿ ನೋಡಿದರೆ ನಗೆ ಬರುವುದು. ತಾಳೆಗರಿಗಳನ್ನು ತರಲು ಯಾರು ಹೋಗಬೇಕೆಂದು ಮೊದಲನೆಯ ವರುಷವೂ, ಪ್ರಯಾಣಭತ್ಯ ಎಷ್ಟೆಂದು ಎರಡನೆಯ ವರುಷವೂ ಚರ್ಚೆಯಾಗುತ್ತಿತ್ತು. ಅಷ್ಟರಲ್ಲಿ ಗೆದ್ದಲು ತನ್ನ ಕಾರ್ಯವನ್ನು ಯಾವ ಠರಾವೂ ಇಲ್ಲದೆ ಪೂರೈಸುತ್ತಿತ್ತು.

ಆದರೆ ಅದೇ ಹಳಕಟ್ಟಿಯವರು ಶಾಲೆಯನ್ನು ತೆರೆಯಬೇಕಾದಾಗ ತಮ್ಮ ಹೆಸರಿನಲ್ಲಿ ತೆರೆಯಲಿಲ್ಲ. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1912ರಲ್ಲಿ ಜನರಿಗೆ ಸಾಲದ ಅನುಕೂಲ ಮಾಡಬೇಕೆಂದಾಗ ಸಿದ್ಧೇಶ್ವರ ಬ್ಯಾಂಕನ್ನು ಸಹಕಾರಿ ತತ್ತ್ವದ ಮೇಲೆ ನಿಲ್ಲಿಸಿದರು. ತಾಳೆಗರಿಯ ಮುಂದೆ ಒಬ್ಬರೇ ಕುಳಿತರು. ಹಣದ ಪೆಟ್ಟಿಗೆಯ ಮುಂದೆ ಹಲವರನ್ನು ಕೂಡಿಸಿದರು. ಯಾವುದನ್ನು ಒಬ್ಬನೇ ಮಾಡಬೇಕು, ಯಾವುದನ್ನು ಒಬ್ಬನೇ ಮಾಡಬಾರದು ಎಂಬ ವಿವೇಕವು ಅವರಲ್ಲಿ ಇದ್ದಷ್ಟು ಸ್ಫುಟವಾಗಿ ಬಹಳ ಜನರಲ್ಲಿ ಕಾಣುವುದಿಲ್ಲ.

ಇನ್ನು ಆರಂಭದಿಂದಲೇ ಒಬ್ಬ ನಾಯಕನನ್ನು ಆಶ್ರಯಿಸದೆ ಹಲವರು ಕೂಡಿ ಕಟ್ಟಿದ ಸಂಸ್ಥೆಗೆ ಉದಾಹರಣೆ ಬೆಳಗಾವಿಯ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿ. 1916ರಲ್ಲಿ ಅದನ್ನು ಸ್ಥಾಪಿಸಿದ ಏಳು ಜನರನ್ನು ಲೋಕವು ಸಪ್ತರ್ಷಿಗಳೆಂದು ಗೌರವಿಸುತ್ತದೆ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಈ ವಿದ್ಯಾವಂತರು ಸಂಸ್ಥೆಗೆ ಜೀವಮಾನದ ಸೇವೆಯನ್ನು ಮುಡಿಪಿಡುವ ಆಜೀವ ಸದಸ್ಯರೆಂಬ ಪದ್ಧತಿಯನ್ನು ಪುಣೆಯ ಮಾದರಿಯಿಂದ ತಂದರು. ಪುಣೆಯ ಆ ಮಾದರಿಯ ಚರಿತ್ರೆಯನ್ನು ತುಸು ವಿಸ್ತರಿಸಿ ಹೇಳುವುದು ಅವಶ್ಯ. ಯಾಕಂದರೆ ಮಂಡಳಿಯ ಬಲವೂ ಅದರ ಬೇನೆಯೂ ಅಲ್ಲಿ ಒಟ್ಟಿಗೆ ಕಾಣುವವು.

ವಿಷ್ಣುಶಾಸ್ತ್ರೀ ಚಿಪಳೂಣಕರ, ಬಾಳ ಗಂಗಾಧರ ಟಿಳಕ ಮೊದಲಾದವರು 1880ರಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ಆರಂಭಿಸಿದರು. ಮರುವರುಷ ಗೋಪಾಳ ಗಣೇಶ ಆಗರಕರರು ಬಂದು ಸೇರಿದರು. 1882ರಲ್ಲಿ ಚಿಪಳೂಣಕರರು ತೀರಿಕೊಂಡರು. ಉಳಿದವರು 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿ, 1885ರ ಆರಂಭದಲ್ಲಿ ಫರ್ಗ್ಯುಸನ್ ಕಾಲೇಜನ್ನು ತೆರೆದರು. ಅಲ್ಪವೇತನದ ಮೇಲೆ ದೀರ್ಘಕಾಲ ದುಡಿಯುವ ಪ್ರತಿಜ್ಞೆ ಮಾಡಿದ ಆಜೀವ ಸದಸ್ಯರೇ ಶಿಕ್ಷಕರು, ಅವರೇ ಆಡಳಿತಗಾರರು. ಕೆಲವು ವರುಷಗಳಲ್ಲಿಯೇ ಅವರೊಳಗೆ ಭಿನ್ನಾಭಿಪ್ರಾಯ ಬಂದಿತು. ಆಜೀವ ಸದಸ್ಯರು ಹೊರಗಿನ ಗಳಿಕೆ ಮಾಡಬಹುದೇ, ಹೊರಗಿನ ಸಂಸ್ಥೆಗಳಲ್ಲಿ ಅಧಿಕಾರ ವಹಿಸಬಹುದೇ ಎಂಬುದೇ ವಿವಾದ. ಕೂಡಲೇ ಬೇಡವೆಂಬ ಪಕ್ಷ ಟಿಳಕರದು. ಗೋಪಾಳ ಕೃಷ್ಣ ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿತ್ವವನ್ನು ವಹಿಸಿದಾಗ ವಿವಾದವು ತುದಿಗೆ ಮುಟ್ಟಿತು. ಬಹುಮತವು ತಮ್ಮ ಕಡೆಗೆ ಇಲ್ಲದುದನ್ನು ಕಂಡ ಟಿಳಕರು 1890ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ಆ ದಿನ ಪುಣೆಯಲ್ಲಿ ಎಷ್ಟೋ ಜನರು ಸಂಸ್ಥೆ ಮುಗಿಯಿತೆಂದು ತಿಳಿದಿರಬೇಕು. ಟಿಳಕರಂಥ ಪುರುಷನು ಹೊರಟುಹೋದ ಮೇಲೆ ಏನು ಉಳಿಯುವುದು? ಆದರೆ 1891ರಲ್ಲಿ ಆ ತೆರವಾದ ಗಣಿತದ ಸ್ಥಾನಕ್ಕೆ ಧೋಂಡೋ ಕೇಶವ ಕರ್ವೆಯವರು ಬಂದರು. ವಿಧವೆಯರ ವಿದ್ಯೆಗಾಗಿ ಜೀವವನ್ನು ಸವೆಸಿದ ಮಹರ್ಷಿ ಕರ್ವೆಯವರೇ ಇವರು. 1892ರಲ್ಲಿ ಪ್ರಿನ್ಸಿಪಾಲರಾಗಿದ್ದ ವಾಮನ ಶಿವರಾಮ ಆಪಟೆಯವರು ತೀರಿಕೊಂಡಾಗ ಆಗರಕರರು ಆ ಸ್ಥಾನಕ್ಕೆ ಬಂದರು. 1895ರಲ್ಲಿ ಅವರೂ ತೀರಿಕೊಂಡರು. ಹದಿನೈದು ವರುಷಗಳೊಳಗೆ ಸಂಸ್ಥೆಯನ್ನು ಕಟ್ಟಿದ ದೊಡ್ಡವರಲ್ಲಿ ಮೂವರನ್ನು ಮೃತ್ಯುವೂ ಒಬ್ಬರನ್ನು ಭಿನ್ನಮತವೂ ಒಯ್ದವು. ಕಾಲೇಜು ಒಂದು ದಿನವೂ ಬಾಗಿಲಿಕ್ಕಲಿಲ್ಲ. ಇತ್ತ ಹೊರಬಿದ್ದ ಟಿಳಕರು ಏನಾದರೆಂಬುದನ್ನು ಲೋಕವೇ ಬಲ್ಲದು. ಮಂಡಳಿಯ ಬಹುಮತವು ಅವರನ್ನು ಹಿಡಿದಿಟ್ಟುಕೊಳ್ಳಲಾರದೆ ಹೋಯಿತು; ಅವರು ಕೇಸರಿಯ ಮೂಲಕ ದೇಶವನ್ನೇ ಎಬ್ಬಿಸಿದರು. ಮಂಡಳಿಯಿಂದ ಸಂಸ್ಥೆ ಉಳಿಯಿತು, ಒಬ್ಬ ಮಹಾವ್ಯಕ್ತಿ ಸಂಸ್ಥೆಗೆ ಇಲ್ಲವಾದರು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗತಕ್ಕವರು ತೂಗಲಿ.

ಬೆಳಗಾವಿಯ ಸಂಸ್ಥೆಗೆ ಈ ಮಾದರಿಯು ಚೆನ್ನಾಗಿ ಒಗ್ಗಿತು. 1933ರಲ್ಲಿ ತೆರೆದ ಕಾಲೇಜಿಗೆ ಅದು ಲಿಂಗರಾಜರ ಹೆಸರನ್ನಿಟ್ಟಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜನ್ನು, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದು ಇಂದು ನೂರಾರು ಸಂಸ್ಥೆಗಳನ್ನು ನಡೆಸುತ್ತಿದೆ. ಏಳು ಜನರಲ್ಲಿ ಯಾರು ಹಿರಿಯರು, ಯಾರು ಕಿರಿಯರು ಎಂದು ಕೇಳಿದರೆ ಇಂದು ಆ ಶಾಲೆಗಳಲ್ಲಿ ಓದುವ ಹುಡುಗರು ಹೇಳಲಾರರು. ಏಳೂ ಹೆಸರುಗಳು ಒಂದೇ ಹೆಸರಾಗಿವೆ.

ಆದರೂ ಮಂಡಳಿಯೆಂಬ ಹೆಸರಿಟ್ಟ ಮಾತ್ರಕ್ಕೆ ಕಾರ್ಯವಾಗುವುದಿಲ್ಲ. ವಯೋವೃದ್ಧರು ಕಮಿಟಿಯೆಂದರೆ ಬೆದರುವುದಕ್ಕೆ ಕಾರಣವುಂಟು. ಹನ್ನೊಂದು ಜನರ ಹೆಸರುಗಳು ಕಾಗದದ ತಲೆಯ ಮೇಲೆ ಅಚ್ಚಾಗಿರುತ್ತವೆ, ಸಭೆಗೆ ಬರುವವರು ನಾಲ್ವರು, ಮಾತಾಡುವವರು ಇಬ್ಬರು, ಬರೆಯುವವನು ಕಾರ್ಯದರ್ಶಿಯೊಬ್ಬನೇ. ಬಾರದ ಏಳು ಜನರು ಆಮೇಲೆ ನಡವಳಿಯ ಪುಸ್ತಕದಲ್ಲಿ ರುಜು ಹಾಕುವರು. ಕಠಿನವಾದ ವಿಷಯ ಬಂದರೆ ಹಾವೂ ಸಾಯದ, ಕೋಲೂ ಮುರಿಯದ ಠರಾವೊಂದು ಪಾಸಾಗುವುದು. ಕಾರ್ಯವು ಕೆಟ್ಟಾಗ ಪ್ರತಿಯೊಬ್ಬನೂ "ಅದು ಮಂಡಳಿಯ ನಿರ್ಣಯ" ಎನ್ನುವನು. ಕಾರ್ಯವು ಸಫಲವಾದಾಗ ಪ್ರತಿಯೊಬ್ಬನೂ "ಅದು ತನ್ನ ಸಲಹೆ" ಎನ್ನುವನು. ಇದಕ್ಕಿಂತಲೂ ಸೂಕ್ಷ್ಮವಾದ ರೋಗವು ಮಠಗಳ ಮಂಡಳಿಗಳಲ್ಲಿ ಕಾಣುವುದು. ಸ್ವಾಮಿಗಳು ಸಭೆಯಲ್ಲಿ ಕುಳಿತಿರುವಾಗ ಯಾರೂ ಬಾಯಿ ಬಿಡುವುದಿಲ್ಲ. "ಬುದ್ಧಿಯವರ ಅಪ್ಪಣೆ" ಎಂದು ಕೈಮುಗಿದು ಏಳುವರು. ಅಂಗಳಕ್ಕೆ ಬಂದ ಮೇಲೆ ಗುಂಪುಗಟ್ಟಿ ಗೊಣಗುವರು. ಇಲ್ಲಿ ಸ್ವಾಮಿಗಳಿಗೆ ಒಳ್ಳೆಯ ಸಲಹೆಯೂ ದೊರೆಯಲಿಲ್ಲ, ಮಂಡಳಿಗೆ ಹೊಣೆಯೂ ಅಂಟಲಿಲ್ಲ. ಏಕವ್ಯಕ್ತಿಯ ಆಡಳಿತದ ದೋಷವೂ ಮಂಡಳಿಯ ದೋಷವೂ ಕೂಡಿ ಒಂದಾದಂತಾಯಿತು.

ಮಂಡಳಿಗಳು ಹೀಗೆ ನಿದ್ರಿಸುವುದಕ್ಕೆ ಮುಖ್ಯ ಕಾರಣವು ಗದಗ ತಾಲೂಕಿನ ಕಣಗಿನಹಾಳದ ಕಥೆಯಿಂದ ತಿಳಿಯುವುದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರುಷವೇ, ಅಂದರೆ 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಹಳ್ಳಿಯಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಭಾರತದ ಸಹಕಾರಿ ಚಳವಳಿಯಲ್ಲಿ ಅದಕ್ಕೆ ಮೊದಲಿನ ಸ್ಥಾನವನ್ನು ಕೊಡಲಾಗಿದೆ. ಗೌಡರಿಲ್ಲದಿದ್ದರೆ ಆ ಸಂಘವು ಹುಟ್ಟುತ್ತಿರಲಿಲ್ಲ. ಸರಕಾರದ ಹೊಸ ಕಾಯಿದೆಯನ್ನು ನಂಬಿ ರೈತನು ರುಜು ಹಾಕಬೇಕಾದರೆ ಊರಲ್ಲಿ ಒಬ್ಬ ನಂಬಿಗಸ್ತನು ಮುಂದೆ ನಿಲ್ಲಬೇಕಾಗುತ್ತಿತ್ತು. ಆದರೆ ಸಂಘವು ನಡೆದುದು ಗೌಡರ ಮಾತೊಂದರಿಂದಲೇ ಅಲ್ಲ. ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಸಂಘವು ಸಾಲಕ್ಕೆ ಸಿಕ್ಕಿದರೆ ಪ್ರತಿಯೊಬ್ಬ ಸದಸ್ಯನ ಹೊಲಮನೆಯೂ ಅದಕ್ಕೆ ಉತ್ತರ ಹೇಳಬೇಕು. ಆದುದರಿಂದ ಯಾರಿಗೆ ಸಾಲ ಕೊಡುವುದು, ಅವನು ಎತ್ತು ಕೊಳ್ಳುವನೋ ಮದುವೆ ಮಾಡುವನೋ, ತಿರುಗಿಸಬಲ್ಲನೋ ಎಂಬುದನ್ನು ಎಲ್ಲರೂ ಕಣ್ಣಿನಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಲೇಬೇಕಾಗುತ್ತಿತ್ತು. ಗೌಡರ ನೆಂಟನೆಂದು ಕೊಡುವಂತಿರಲಿಲ್ಲ. ಕೊಟ್ಟರೆ ನಾಳೆ ಕಟ್ಟಬೇಕಾದವನು ಪಕ್ಕದ ಮನೆಯ ರೈತ. ಹೀಗೆ ಪ್ರತಿಯೊಬ್ಬನ ಗಂಟೂ ಪಣಕ್ಕೆ ಬಿದ್ದಾಗ ಮಂಡಳಿಗೆ ನಿದ್ರೆ ಬರುವುದಿಲ್ಲ. ಬೆಳಗಾವಿಯ ಆಜೀವ ಸದಸ್ಯರು ತಮ್ಮ ಆಯುಷ್ಯವನ್ನೇ ಪಣವಾಗಿಟ್ಟರು. ಪಣವೇನೂ ಇಲ್ಲದ, ಗೌರವಕ್ಕಾಗಿ ಮಾತ್ರ ಕುಳಿತ ಮಂಡಳಿಯಲ್ಲಿ ಐದು ಜನರಿದ್ದರೇನು, ಐವತ್ತು ಜನರಿದ್ದರೇನು!

ಮಠದ ವಿಷಯವು ಶಾಲೆ ಬ್ಯಾಂಕುಗಳಂತೆ ಅಲ್ಲವೆಂದು ಕೆಲವರು ಹೇಳುವರು. ಅದು ನಿಜ. ದೀಕ್ಷೆ, ಉಪದೇಶ, ಪೂಜಾನುಷ್ಠಾನಗಳು ಕೈಯೆತ್ತಿ ಮತ ಎಣಿಸುವುದರಿಂದ ನಿರ್ಣಯವಾಗತಕ್ಕವಲ್ಲ. ಗುರುವೆಂಬುವನು ಮಂಡಳಿಯಾಗಲಾರನು. ಆದರೆ ಮಠಾಧಿಪತಿಯು ಮಠದ ಆಸ್ತಿಗೆ ಒಡೆಯನೋ, ಕೇವಲ ವಿಶ್ವಸ್ತನೋ ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳೂ ಬಹಳ ಕಾಲ ವಿಚಾರಿಸಿವೆ. 1921ರಲ್ಲಿ ಪ್ರಿವಿ ಕೌನ್ಸಿಲು, ಇಂಗ್ಲೆಂಡಿನ ಕಾಯಿದೆಯಲ್ಲಿ ವಿಶ್ವಸ್ತನೆಂದರೆ ಯಾವ ಅರ್ಥವೋ ಆ ಅರ್ಥದಲ್ಲಿ ಮಠಾಧಿಪತಿಯು ವಿಶ್ವಸ್ತನಲ್ಲವೆಂದು ಹೇಳಿತು. 1954ರಲ್ಲಿ ಉಡುಪಿಯ ಶಿರೂರು ಮಠದ ವ್ಯಾಜ್ಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಮಠಾಧಿಪತ್ಯದಲ್ಲಿ ಅಧಿಕಾರಸ್ಥಾನವೂ ಆಸ್ತಿಯ ಹಕ್ಕೂ, ಕರ್ತವ್ಯವೂ ಸ್ವಂತದ ಹಿತವೂ ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ವಿವರಿಸಿತು. ಧಾರ್ಮಿಕ ವಿಷಯಗಳಲ್ಲಿ ಸಂಪ್ರದಾಯಕ್ಕೆ ಸ್ವಾತಂತ್ರ್ಯವುಂಟು, ಆಸ್ತಿಯ ಆಡಳಿತವು ಕಾಯಿದೆಗೆ ಅನುಸಾರವಾಗಿರಬೇಕು ಎಂಬ ವಿವೇಚನೆಯನ್ನೂ ಮಾಡಿತು. ಪೀಠ ಬೇರೆ, ಪೆಟ್ಟಿಗೆ ಬೇರೆ ಎಂಬುದನ್ನು ಕಾಯಿದೆಯೇ ಒಪ್ಪಿರುವಾಗ ಭಕ್ತರು ಅದಕ್ಕೆ ಅಂಜತಕ್ಕುದಿಲ್ಲ.

ಉಡುಪಿಯ ಹೆಸರು ಬಂದುದರಿಂದ ಅಲ್ಲಿಯ ಪರ್ಯಾಯದ ಕ್ರಮವನ್ನೂ ಹೇಳಬಹುದು. ಸಂಪ್ರದಾಯ ಬೇರೆಯಾದರೂ ಒಳ್ಳೆಯ ವ್ಯವಸ್ಥೆಯನ್ನು ಎಲ್ಲಿದ್ದರೂ ನೋಡಿ ಕಲಿಯತಕ್ಕದ್ದೇ. ಶ್ರೀಕೃಷ್ಣನ ಪೂಜೆಯು ಎಂಟು ಮಠಗಳಿಗೆ ಸೇರಿದುದು. ಒಂದೊಂದು ಮಠಕ್ಕೆ ಎರಡು ತಿಂಗಳಂತೆ ಇದ್ದ ಸರದಿಯನ್ನು 16ನೆಯ ಶತಮಾನದ ವಾದಿರಾಜಸ್ವಾಮಿಗಳು ಎರಡು ವರುಷಕ್ಕೆ ಏರಿಸಿದರೆಂದು ಅಲ್ಲಿಯವರ ನಂಬಿಗೆ. ಎಂಟು ಜನರು ಒಟ್ಟಿಗೆ ಕುಳಿತು ನಿತ್ಯದ ಅಡಿಗೆಯನ್ನು ಗೊತ್ತುಮಾಡುವುದಿಲ್ಲ. ಒಬ್ಬರೇ ಎಲ್ಲ ಕಾಲಕ್ಕೂ ಆಳುವುದೂ ಇಲ್ಲ. ಸರದಿ ಬಂದವರು ಎರಡು ವರುಷ ಪೂರ್ಣ ಅಧಿಕಾರದಿಂದ ನಡೆಸಿ ಕೀಲಿಕೈಯನ್ನು ಮುಂದಿನವರಿಗೆ ಒಪ್ಪಿಸುವರು. ಎರಡು ತಿಂಗಳಲ್ಲಿ ಯಾವ ಕಾರ್ಯವನ್ನೂ ಮಾಡಿ ತೋರಿಸಲಾಗದು. ಆಯುಷ್ಯಪೂರ್ತಿ ಕೊಟ್ಟರೆ ಕೇಳುವವರಿಲ್ಲದಂತಾಗುವುದು. ಎರಡು ವರುಷವೆಂಬ ಅಳತೆಯಲ್ಲಿ ಎಂಥ ಲೋಕಜ್ಞಾನವಿದೆ!

ಏಕವ್ಯಕ್ತಿಯ ಪಕ್ಷವನ್ನು ಹಿಡಿದವರು ಕೊನೆಗೆ ಸಿದ್ಧಗಂಗೆಯನ್ನು ತೋರಿಸುವರು. 1941ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಮಠದ ಭಾರವನ್ನು ವಹಿಸಿದರು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾಗುವವರೆಗೆ ಎಪ್ಪತ್ತೇಳು ವರುಷಗಳಿಗೂ ಮೇಲ್ಪಟ್ಟು ಆ ಮಠದಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳು ದೊರೆತವು. ಇಂಥ ಪುರುಷರಿದ್ದಲ್ಲಿ ಮಂಡಳಿಯ ಅವಶ್ಯಕತೆಯೇನು ಎಂಬ ಮಾತು ಸಹಜವಾಗಿ ಬರುವುದು. ಆದರೆ ಅಂಥ ದೀರ್ಘಾಯುಷ್ಯವನ್ನೂ ಅಂಥ ವೈರಾಗ್ಯವನ್ನೂ ಲೆಕ್ಕದಲ್ಲಿ ಹಿಡಿದು ಬೇರೆ ಮಠಗಳು ತಮ್ಮ ವ್ಯವಸ್ಥೆಯನ್ನು ಮಾಡಿಕೊಳ್ಳುವಂತಿಲ್ಲ. ಅವರು 1988ರಲ್ಲಿಯೇ, ತಮ್ಮ ಕಾಲದ ಮೂವತ್ತು ವರುಷಗಳ ಮುಂಚೆಯೇ, ಉತ್ತರಾಧಿಕಾರಿಯನ್ನು ಗೊತ್ತುಮಾಡಿದ್ದರು. ನೂರಹನ್ನೊಂದು ವರುಷ ಬಾಳಿದವರು ಎಂಬತ್ತರ ಸುಮಾರಿನಲ್ಲಿ ಮಾಡಿದ ಈ ಕಾರ್ಯವನ್ನು ಇತರರು ತೊಂಬತ್ತಾದರೂ ಮಾಡದೆ ಇರುವರು. ಉತ್ತರಾಧಿಕಾರಿಯನ್ನು ಹೆಸರಿಸದೆ ಸ್ವಾಮಿಗಳು ಲಿಂಗೈಕ್ಯರಾದ ಮಠಗಳಲ್ಲಿ ಏನು ನಡೆಯುವುದೆಂಬುದನ್ನು ಈ ಸಭೆಯಲ್ಲಿ ವರ್ಣಿಸಬೇಕಾಗಿಲ್ಲ. ಗದ್ದುಗೆಯ ಮಣ್ಣು ಆರುವ ಮೊದಲೇ ವಕೀಲರ ಮನೆಗೆ ದಾರಿ ಬೀಳುವುದು. ಪ್ರಸಾದನಿಲಯದ ಹುಡುಗರು ಗಂಟು ಕಟ್ಟಿಕೊಂಡು ಊರಿಗೆ ಹೋಗುವರು. ಅವರಲ್ಲಿ ಎಷ್ಟೋ ಜನರು ತಿರುಗಿ ಓದಿಗೆ ಬರುವುದಿಲ್ಲ. ಹಿರಿಯರ ವ್ಯಾಜ್ಯವು ಹತ್ತು ವರುಷಗಳ ಮೇಲೆ ತೀರಬಹುದು. ಆ ಹುಡುಗರ ಹತ್ತು ವರುಷಗಳನ್ನು ಯಾವ ನ್ಯಾಯಾಲಯವೂ ತಿರುಗಿ ಕೊಡಲಾರದು.

ಆದುದರಿಂದ ಶ್ರೀಮಠದ ಮುಂದಿರುವ ಪ್ರಶ್ನೆಯು ಸ್ವಾಮಿಗಳೋ ಮಂಡಳಿಯೋ ಎಂಬುದಲ್ಲ. ಯಾವ ಕಾರ್ಯಕ್ಕೆ ಯಾರು ಹೊಣೆ ಎಂಬುದು. ಧರ್ಮಬೋಧೆ, ಅನುಷ್ಠಾನ, ವಟುಗಳ ಶಿಕ್ಷಣ, ಹೊಸ ಕಾರ್ಯಗಳ ಸಂಕಲ್ಪ ಇವು ಪೂಜ್ಯರಿಗೆ ಸೇರಿದವು. ಅಲ್ಲಿ ಬೇರೆಯವರ ಕೈಯಾಡಬಾರದು. ಜಮೀನಿನ ಉತ್ಪನ್ನ, ಕಾಣಿಕೆಯ ಹಣ, ಕಟ್ಟಡದ ವೆಚ್ಚ, ನೌಕರರ ನೇಮಕ ಇವುಗಳಿಗೆ ಮಂಡಳಿ ಇರಲಿ. ಆದರೆ ಪ್ರತಿಯೊಂದಕ್ಕೂ ಒಬ್ಬನ ಹೆಸರು ಇರಲಿ. ಪ್ರಸಾದನಿಲಯದ ಕಣಜಕ್ಕೆ ಒಬ್ಬ, ಪಾಠಶಾಲೆಗೆ ಒಬ್ಬ, ಹೊಲಗಳಿಗೆ ಒಬ್ಬ. ಕಾಳು ತೀರಿದರೆ "ಮಂಡಳಿಯವರನ್ನು ಕೇಳಿ" ಎನ್ನುವಂತಾಗಬಾರದು. ಕೇಳತಕ್ಕವನು ಯಾರೆಂಬುದು ಅಡಿಗೆಯವನಿಗೂ ಗೊತ್ತಿರಬೇಕು. ಮೂರು ಸಭೆಗಳಿಗೆ ಬಾರದ ಸದಸ್ಯನು ಎಷ್ಟೇ ದೊಡ್ಡವನಾಗಿರಲಿ, ಆ ಸ್ಥಾನವು ತೆರವಾದಂತೆ ತಿಳಿಯತಕ್ಕದ್ದು. ದೊಡ್ಡ ದಾನಿಗಳಿಗೆ ಗೌರವ ಸಲ್ಲಿಸಲು ಶಿಲಾಫಲಕವುಂಟು, ಶಾಲು ಫಲಗಳುಂಟು. ಅದಕ್ಕಾಗಿ ಮಂಡಳಿಯ ಸ್ಥಾನವೇ ಬೇಕೆಂದಿಲ್ಲ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯೆಂದು ಹಳ್ಳಿಗರು ಹೇಳುವರು. ಕಡ್ಡಿಯನ್ನೂ ತರದವರು ಹೊರೆಯ ಮೇಲೆ ಕೂಡ್ರಬಾರದಷ್ಟೆ. ತಾಯಂದಿರು ಐವತ್ತು ವರುಷಗಳಿಂದ ದಾಸೋಹಕ್ಕೆ ಹಿಟ್ಟು ಬೀಸಿ ರೊಟ್ಟಿ ಬಡಿದು ಬಂದಿರುವರು. ಕಣಜದಲ್ಲಿ ಎಷ್ಟು ಜೋಳ ಉಳಿದಿದೆಯೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಕ್ಕನ ಪ್ರಶ್ನೋತ್ತರಗಳನ್ನು ಅನುಭವಗೋಷ್ಠಿಯ ಮಧ್ಯದಲ್ಲಿ ಕೇಳಿದ ಪರಂಪರೆಯವರು ದಾಸೋಹದ ಮಂಡಳಿಯಲ್ಲಿ ಹೆಂಗಸರಿಗೆ ಸ್ಥಾನವಿಡದೆ ಇರುವುದು ವಿಚಿತ್ರವಾಗಿ ತೋರುವುದು.

ಸಭೆಗೆ ಪೂಜ್ಯರು ಬಿಜಯಮಾಡುವಾಗ ಎಲ್ಲರೂ ಎದ್ದು ನಮಸ್ಕರಿಸುವುದು ಯೋಗ್ಯವೇ. ಆದರೆ ಜಮಾಖರ್ಚಿನ ವಿಷಯ ಬಂದಾಗ ಸದಸ್ಯರು ತಮ್ಮ ಮನಸ್ಸಿನ ಮಾತನ್ನು ಅಲ್ಲಿಯೇ ಆಡತಕ್ಕದ್ದು. ಆಡುವಂತೆ ಪೂಜ್ಯರೇ ಅಪ್ಪಣೆ ಕೊಡಿಸತಕ್ಕದ್ದು. ಲಿಂಗರಾಜರನ್ನು ಅಧ್ಯಕ್ಷಪೀಠಕ್ಕೆ ಏರಿಸಿ ತಾವು ಕೆಳಗೆ ಕುಳಿತ ಹಾನಗಲ್ಲ ಸ್ವಾಮಿಗಳ ಮೇಲ್ಪಂಕ್ತಿಯು ಮಠಾಧೀಶರ ಮುಂದೆ ಇದ್ದೇ ಇದೆ.

ಇನ್ನುಳಿದುದು ಕೀರ್ದಿ ಖತಾವಣಿಯ ಮಾತು. ಜಾತ್ರೆಯ ದಿನ ತೇರು ಎಳೆಯುವ ಮೊದಲು ಸುತ್ತಣ ಹಳ್ಳಿಗಳ ದೈವದವರೆಲ್ಲ ಶ್ರೀಮಠದ ಅಂಗಳದಲ್ಲಿ ಕೂಡಿರುತ್ತಾರೆ. ಅಷ್ಟು ಜನರು ಬೇರೆ ಯಾವ ದಿನವೂ ಕೂಡುವುದಿಲ್ಲ. ಆ ಹೊತ್ತಿಗೆ ವರುಷದ ಲೆಕ್ಕವನ್ನು, ಬಂದ ಹಣವೆಷ್ಟು, ಬಂದ ಕಾಳೆಷ್ಟು, ಉಂಡ ಮಕ್ಕಳೆಷ್ಟು, ಉಳಿದ ಸಾಲವೆಷ್ಟು ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಅರ್ಧ ತಾಸಿನ ಕೆಲಸ. ಈ ಮಹೋತ್ಸವಕ್ಕಾಗಿ ಕೂಡಿದ ನಿಧಿಯ ಲೆಕ್ಕದಿಂದಲೇ ಬರುವ ಜಾತ್ರೆಯಲ್ಲಿ ಅದನ್ನು ಆರಂಭಿಸಬಹುದು. ಪುಸ್ತಕಗಳು ಸಿದ್ಧವಾಗಲು ಇನ್ನೂ ಸಾಕಷ್ಟು ದಿನಗಳಿವೆ.